ಎಮ್ಮೆಯ ಮುಂದೆ ಮದುವೆ ಮಾತು

ಮುಡಬಿಯ ಬಕ್ಕಪ್ಪ ಹೆಂಡತಿ ಸೂಗಮ್ಮನ ಜೊತೆ ನೇರವಾಗಿ ಮಾತಾಡಿದವನಲ್ಲ. ಹೇಳುವುದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದ. ಲಗ್ನವಾದ ಹೊಸದರಲ್ಲಿ ತಾಯಿ ಸದಾ ಪಡಸಾಲೆಯಲ್ಲೇ ಕೂತಿರುತ್ತಿದ್ದಳು, ಹಿರಿಯರ ಎದುರು ಹೆಂಡತಿಯನ್ನು ಮಾತಾಡಿಸುವುದು ಹೇಗೆಂದು ನಾಚಿ ಅವನು ಹಿಡಿದ ದಾರಿ ಅದು. ತಾಯಿ ಲಿಂಗೈಕ್ಯಳಾಗಿ ಹದಿನೈದು ವರ್ಷವಾಯಿತು, ಎಮ್ಮೆಗಳೂ ಬದಲಾದವು, ರೂಢಿ ಮಾತ್ರ ಹೋಗಲಿಲ್ಲ. ಹಾಗಾಗಿ ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಮಗಳ ಮದುವೆಯ ವಿಚಾರವೆಲ್ಲ ದಿನಾ ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲೇ ನಡೆಯಿತು. "ಗಂಗೀ, ಹುಮನಾಬಾದಿಲಿಂದ ಬಾಜಾದವರಿಗಿ ಕರಸಾಕತ್ತೇನಿ" ಎಂದು ಅವನು ಎಮ್ಮೆಯ ಕೊರಳು ತುರಿಸಿದರೆ, ಸೂಗಮ್ಮ ಕೆಚ್ಚಲಿನಿಂದ ಕಣ್ಣೆತ್ತದೆ, "ಗಂಗೀ, ಬಾಜಾ ಇರ್ಲಿ, ಮೊದಲ ಹುಗ್ಗಿಗಿ ಗೋದಿ ಕುಟ್ಟಸ್ರಿ ಅಂತ ಹೇಳವ್ವಾ" ಎನ್ನುತ್ತಿದ್ದಳು. ಸಿಟ್ಟು ಬಂದರೆ ಇಬ್ಬರೂ ಎಮ್ಮೆಯನ್ನೇ ಬೈಯುತ್ತಿದ್ದರು. ಕಲ್ಯಾಣದ ಪೇಟೆಯಿಂದ ತಂದ ಧಾರೆ ಸೀರೆಯನ್ನು ಅವನು ಎಮ್ಮೆಯ ಬೆನ್ನ ಮೇಲೇ ಹರವಿ ತೋರಿಸಿದ. ಗಂಗಿಗೆ ಬಣ್ಣ ಒಪ್ಪಲಿಲ್ಲವೆಂದು ಗೊತ್ತಾಗಿ ಮರುದಿನ ಬದಲಾಯಿಸಿಕೊಂಡು ಬಂದ. ಮದುವೆಗೆ ಎಂಟು ದಿನವಿರುವಾಗ ಒಂದು ಬೆಳಿಗ್ಗೆ, "ಗಂಗೀ, ಅಳಿಯಗ ಒಂದು ಮಾತು ಹೇಳಬೇಕು, ನಮ್ಮ ಹುಡುಗಿಗಿ ಹೆಸರು ಹಿಡದು ಕರೀ ಅಂತ" ಎಂದ. ಹಾಲು ಕರೆಯುವ ಕೈ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಲ್ಲಿ ಮೂರು ಎಮ್ಮೆಗಳ ಹೆಸರು ಬಂದಿದ್ದವು, ಅವಳದು ಬಂದಿರಲಿಲ್ಲ. "ಗಂಗೀ, ನನ್ನ ಹೆಸರು ಇವರಿಗಿ ನೆನಪದನೋ ಇಲ್ಲೋ ಕೇಳವ್ವಾ" ಎಂದಳು ಸೂಗಮ್ಮ. ಬಕ್ಕಪ್ಪ ಎಮ್ಮೆಯ ಕೊರಳು ತುರಿಸಿದ. ಆಮೇಲೆ ಎಮ್ಮೆಗೇ ಹೇಳಿದ: "ಸೂಗಮ್ಮ."