ಎರಡು ಕೊಡ ನೀರಿನ ಸೇಡು

ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ ಶೇವಂತಾಬಾಯಿ ರಾಜನ ಜರಿ ಅಂಗಿ ತಿಕ್ಕುತ್ತಿದ್ದಾರೆ. ಅಂಗಿಯ ಎದೆಯ ಮೇಲೆ ಅಂಗೈಯಗಲ ರಕ್ತ, ಪಕ್ಕದಲ್ಲಿ ಎರಡೇ ಕೊಡ ನೀರು. ನಿನ್ನೆ ಯುಗಾದಿ ನಾಟಕದಲ್ಲಿ ಕೊಲೆಯಾದ ರಾಜ, ಅಂದರೆ ಅವರ ಗಂಡ ಮಚ್ಛೇಂದ್ರ, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾರೆ.

"ಸತ್ತವ್ರು ಎದ್ದು ಒಂದು ಬಕೀಟರ ಹಿಡೀಬಹುದಲ್ರಿ" ಎಂದು ಶೇವಂತಾಬಾಯಿ, ನಾಟಕದ ಕಥೆ ಕೇಳಲು ಬಂದ ನನಗೆ ಹೇಳುತ್ತಾರೆ. ಮಾತು ತಲುಪಬೇಕಾದವರಿಗೆ ತಲುಪುತ್ತದೆ. ರಾಜರು ಮಾತ್ರ ಕದಲುವುದಿಲ್ಲ.

ನಾಟಕ ಅಜ್ಜಂದಿರ ಕಾಲದ್ದು. ರಾಜ ಮೋಸದಿಂದ ಸೇನಾಪತಿಯನ್ನು ಕೊಲ್ಲಿಸುತ್ತಾನೆ, ಸೇನಾಪತಿಯ ಮಗ ಸೇಡಿಗೆ ಹೊರಡುತ್ತಾನೆ. ಅವನು ಅಡ್ಡ ಬಂದವರನ್ನೆಲ್ಲ ಮುಗಿಸಿ ರಾಜನನ್ನೂ ಮುಗಿಸುವಷ್ಟರಲ್ಲಿ ಒಟ್ಟು ಒಂಬತ್ತು ಹೆಣ. ಇದನ್ನು ಬರೆದ ಪುಣ್ಯಾತ್ಮ ಜನ್ಮದಲ್ಲಿ ಬಟ್ಟೆ ಒಗೆದವನಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಒಂಬತ್ತು ಜನರ ಬಟ್ಟೆ ಹೊಲಿದು, ರಕ್ತ ಕಲಸಿ, ಮರುದಿನ ಒಗೆಯುವವರು ಶೇವಂತಾಬಾಯಿ. ಕರಪತ್ರದಲ್ಲಿ ಪರದೆ ಎಳೆಯುವವನ ಹೆಸರೂ ಇದೆ, ಇವರದಿಲ್ಲ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ.

"ಕುಂಕುಮಕ್ಕ ಎಣ್ಣಿ ಹಾಕಿದ್ರ ಕಲಿ ಹೋಗಂಗಿಲ್ರಿ. ಬೆಲ್ಲದ ಪಾಕಕ್ಕ ಕೆಂಪು ಬಣ್ಣ ಹಾಕ್ತೇನಿ. ಎರಡು ಕೊಡದಾಗ ಬಿಡ್ತದ. ಇರುವಿ ಹತ್ತತಾವ, ಅದೊಂದು ತ್ರಾಸ." ಹೋದ ವರ್ಷ ಸತ್ತು ಬಿದ್ದ ರಾಜರು, ಸೇನಾಪತಿಯ ಮಗ ಕೊನೆಯ ಮಾತಾಡುವಾಗ ಎರಡು ಸಲ ತೊಡೆ ಕೆರೆದುಕೊಂಡರಂತೆ.

ಬರ ಬಿದ್ದು ಇದು ಮೂರನೇ ವರ್ಷ. ಟ್ಯಾಂಕರ್ ಬರುವುದು ಎರಡು ದಿನಕ್ಕೊಮ್ಮೆ, ಮನೆಗೆ ಎಂಟು ಕೊಡ. ಒಂಬತ್ತು ಹೆಣಕ್ಕೆ ಬೇಕಾದದ್ದು ಹದಿನೆಂಟು. ಈ ಸಲ ನಾಟಕ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಶೇವಂತಾಬಾಯಿ ಒಪ್ಪಲಿಲ್ಲ. ಮಚ್ಛೇಂದ್ರ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಾರೆ, ವರ್ಷಕ್ಕೊಮ್ಮೆ ಊರಿಗೆ ಬರುವುದೇ ಈ ನಾಟಕಕ್ಕೆ.

"ಹಬ್ಬ ಅಂದ್ರ ಮೇಸ್ತ್ರಿ ಖಾಜಾ ಮಿಯಾ ಸೂಟಿ ಕೊಡಂಗಿಲ್ರಿ. ನಾಟಕ ಅಂದ್ರ ಕೊಡ್ತಾರ, ಅವರಿಗೂ ಅದರ ಹುಚ್ಚು ಅದ. ನಾಟಕ ನಿಂತ್ರ ಇವರು ಬರಂಗಿಲ್ಲ. ನಾ ಹ್ಯಾಂಗ ಸುಮ್ನ ಕೂಡ್ಲಿ?"

ಅವರು ಸುಮ್ಮನೆ ಕೂಡಲಿಲ್ಲ. ಹಿರಿಯರ ಮುಂದೆ ನಿಂತು ಲೆಕ್ಕ ಒಪ್ಪಿಸಿದರು. ಎಂಟು ಜನ ಪರದೆಯ ಹಿಂದೆ ಸಾಯಲಿ, ಕೂಗು ಕೇಳಿದರೆ ಸಾಕು. ರಾಜ ಒಬ್ಬನೇ ಎದುರಿಗೆ ಸಾಯಲಿ, ಅವನ ಎರಡು ಕೊಡ ನಮ್ಮ ಮನೆಯದು. ಹಿರಿಯರು ಒಪ್ಪಿದರು. ಆದರೆ ಸಾಯಬೇಕಾದ ಎಂಟು ಜನರೂ ದುಡಿಯಲು ಪುಣೆ, ಮುಂಬೈ ಸೇರಿದ್ದಾರೆ. ಹೀಗಾಗಿ ನಿನ್ನೆ ಎಂಟೂ ಕೂಗು ಶೇವಂತಾಬಾಯಿಯವೇ. ಮಂತ್ರಿ, ಕಾವಲುಗಾರ, ರಾಣಿ, ಎಲ್ಲರಿಗೂ ಒಂದೇ ಗಂಟಲು. ಆರನೇ ಕೊಲೆಗೆ ಜನರ ನಡುವಿನಿಂದ ಅನುಸೂಯಾಬಾಯಿ, "ನಮ್ಮ ಶೇವಂತಿ ಮತ್ತ ಸತ್ಲು ನೋಡ್ರಿ" ಎಂದು ಮರುಗಿದರಂತೆ.

ಅಂಗಿ ಹಿಂಡಿಯಾಯಿತು. ಕೆಂಪು ನೀರು ಕರಿಬೇವಿನ ಬುಡಕ್ಕೆ ಹೋಗುತ್ತದೆ. ಒಂಬತ್ತಕ್ಕೆ ಹೈದರಾಬಾದ್ ಬಸ್ಸು, ಮಚ್ಛೇಂದ್ರ ಚೀಲ ಕಟ್ಟುತ್ತಿದ್ದಾರೆ. ಬರುವ ವರ್ಷವಾದರೂ ಕರಪತ್ರದಲ್ಲಿ ಹೆಸರು ಬೇಡವೇ ಎಂದು ಕೇಳುತ್ತೇನೆ. ಕೂಗಿ ಕೂಗಿ ಒಡೆದ ದನಿಯಲ್ಲಿ ಶೇವಂತಾಬಾಯಿ ನಗುತ್ತಾರೆ.

"ಹೆಸರು ತಗೊಂಡು ಏನ್ ಮಾಡ್ಲಿರಿ? ಮಳಿ ಬರ್ಲಿ, ಹೋದವ್ರೆಲ್ಲ ಮನಿಗಿ ಬರ್ಲಿ. ಬರೋ ಯುಗಾದಿಗಿ ಒಂಬತ್ತು ಮಂದೀನೂ ಎದುರಿಗಿ ಬಂದು ಆರಾಮ ಸಾಯ್ಲಿ. ನಾ ಒಗೀತೇನಿ."