ಮರಿಯಳ ಸೂಲಗಿತ್ತಿ

ವಿದ್ಯಾವತಿ ಸಿಸ್ಟರ್‌ಗೆ ಒಂದು ಪ್ರಶ್ನೆ ಅಂಟಿಕೊಂಡು ಮೂವತ್ತು ವರ್ಷವಾಗಿತ್ತು. ಡಿಸೆಂಬರ್ ಬಂತೆಂದರೆ ಕಲಬುರಗಿಯ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರ ಏರುತ್ತಿತ್ತು, ಒಲೆಯ ಮೇಲೆ ಕರ್ಚಿಕಾಯಿಗೆ ಎಣ್ಣೆ ಕಾಯುತ್ತಿತ್ತು, ಸಿಸ್ಟರ್ ಹೋಗಿ ಪಾಸ್ಟರ್ ಮುಂದೆ ನಿಲ್ಲುತ್ತಿದ್ದರು.

"ಎಲ್ಲಾ ಖರೇರಿ ಪಾಸ್ಟರ್. ಆದ್ರ ಮರಿಯಳ ಹೆರಿಗಿ ಮಾಡಿಸಿದಾಕಿ ಯಾರು?"

ಕುರುಬರು ಬಂದದ್ದು ಸುವಾರ್ತೆಯಲ್ಲಿದೆ. ಜ್ಞಾನಿಗಳು ಏನೇನು ಕಾಣಿಕೆ ತಂದರು ಅನ್ನುವುದೂ ಇದೆ. ಹೊಕ್ಕುಳಬಳ್ಳಿ ಕತ್ತರಿಸಿದವಳ ಹೆಸರು ಮಾತ್ರ ಇಲ್ಲ. ಬರೆದವರು ಗಂಡಸರು, ಅವರಿಗೇನು ಗೊತ್ತು ಎಂದು ಸಿಸ್ಟರ್ ಗೊಣಗುತ್ತಿದ್ದರು. ದೇವರು ಮನುಷ್ಯನಾಗಿ ಬಂದ ಎಂದು ಎಲ್ಲರೂ ಗಂಟಲು ಹರಿಯುವಂತೆ ಹಾಡುತ್ತಾರೆ, ಯಾರ ಕೈಗೆ ಬಂದ ಎಂದು ಒಬ್ಬರೂ ಕೇಳುವುದಿಲ್ಲವಲ್ಲ! ಐದು ಜನ ಪಾಸ್ಟರುಗಳು ಬಂದು ಹೋದರು. ಐವರೂ "ಅದನ್ನ ಬರೆದಿಲ್ರಿ" ಎಂದು ಚಹಾ ಕುಡಿಸಿ ಕಳಿಸಿದರು.

ಕೇಳುವ ಹಕ್ಕು ಅವರಿಗಿತ್ತು ಅನ್ನಿ. ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮೂರು ದಶಕ ಸರಕಾರಿ ನರ್ಸಾಗಿ ದುಡಿದವರು. ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರ್ ಮೇಲೆ, ಕೊನೆಗೆ ನಡೆದಾದರೂ ಹೆರಿಗೆಯ ಮನೆ ಮುಟ್ಟಿದವರು. ನಿವೃತ್ತರಾಗಿ ನಗರಕ್ಕೆ ಬಂದ ಮೇಲೆ ಕೈ ಸುಮ್ಮನಿರದೆ ಸಂಡೇಸ್ಕೂಲಿನ ಮಕ್ಕಳ ಕ್ರಿಸ್ಮಸ್ ನಾಟಕಕ್ಕೆ ಬಟ್ಟೆ ಹೊಲಿಯುತ್ತಿದ್ದರು.

ಈ ವರ್ಷ ಹೊಸ ಪಾಸ್ಟರ್ ಆನಂದಕುಮಾರ ಸಿಸ್ಟರ್ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಒಂದು ಕಾಗದ ಕೊಟ್ಟರು. "ಕ್ರಿಸ್ಮಸ್ ದಿನ ಚರ್ಚಿನಾಗ ನಿಮಗ ಶಾಲು ಹೊದಿಸಿ ಸನ್ಮಾನ ಮಾಡ್ತೇವ್ರಿ ಸಿಸ್ಟರ್. ಸನ್ಮಾನ ಪತ್ರ ಹಿಂಗ ಬರ್ದೇವಿ, ಒಂದ್ಸಲ ನೋಡ್ರಿ."

ಸಿಸ್ಟರ್‌ಗೆ ಹಿಗ್ಗೋ ಹಿಗ್ಗು. ಮನೆಗೆ ಬಂದು ಕನ್ನಡಕ ಏರಿಸಿ ಓದಿದರು. ನಾಲ್ಕನೇ ಸಾಲಿಗೆ ಬಂದಾಗ ಹಿಗ್ಗು ಇಳಿಯಿತು. "ಹೆರಿಗೆಗೆ ಕರೆದಾಗ ಇವರು ಬಾರದ ದಿನವೇ ಇಲ್ಲ" ಎಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಹೊಗಳಿದ್ದರು ಅಷ್ಟೇ. ಆದರೂ ಸಿಸ್ಟರ್ ಕೈ ಹೆಗಲಿಗೆ ಹೋಯಿತು.

ಬಾರದ ದಿನ ಒಂದಿತ್ತು. ಕಮಲಾಪುರದ ಜಾಹೇದಾ ಚೊಚ್ಚಲ ಬಸುರಿ. ಸಿಸ್ಟರ್ ಗೋಡೆಯ ಕ್ಯಾಲೆಂಡರ್ ಹಿಡಿದು ಒಂಬತ್ತು ತಿಂಗಳು, ಮೇಲೆ ಏಳು ದಿನ ಎಣಿಸಿ ಜನವರಿ ಒಂಬತ್ತು ಎಂದಿದ್ದರು. ಜಾಹೇದಾ ಚಂದ್ರನನ್ನು ನೋಡಿ ತಿಂಗಳು ಎಣಿಸುವ ಮನೆಯವಳು. ಬೆರಳು ಮಡಿಸಿ, "ಒಂಬತ್ತು ಚಾಂದ್ ಅಂದ್ರ ನಿಮ್ಮ ಹಬ್ಬದ ದಿನಾನೇ ತುಂಬ್ತಾವ್ರಿ ಸಿಸ್ಟರಮ್ಮಾ, ಅವತ್ತ ಊರಾಗ ಇರ್ರಿ" ಎಂದಿದ್ದಳು. ಸಿಸ್ಟರ್ ನಕ್ಕು, "ನಿನ್ನ ಚಾಂದ್ ಬಿಡು, ನನ್ನ ಲೆಕ್ಕ ತಪ್ಪಂಗಿಲ್ಲ" ಎಂದು ಹಬ್ಬಕ್ಕೆ ಕಲಬುರಗಿಯ ಬಸ್ಸು ಹತ್ತಿದ್ದರು. ಆರಾಧನೆ ಮುಗಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ಹೊರಡಬಹುದಿತ್ತು, ಚರ್ಚಿನ ಊಟಕ್ಕೆ ನಿಂತರು. ಸಂಜೆ ಕಮಲಾಪುರದಲ್ಲಿ ಇಳಿದಾಗ ಜಾಹೇದಾಳ ಮಗ್ಗುಲಲ್ಲಿ ಹೆಣ್ಣುಕೂಸು ಮಲಗಿತ್ತು. ಗಂಡ ಸಂತೆಗೆ ಹೋಗಿದ್ದ, ಅತ್ತೆ ಬೇರೆ ಊರಿನಲ್ಲಿದ್ದಳು. ಹಡೆದವಳು ಒಬ್ಬಳೇ ಹಡೆದಿದ್ದಳು. ಆ ಸಂಜೆ ಅವಳು ಸಿಸ್ಟರ್ ಕಡೆ ಮುಖ ತಿರುಗಿಸಲಿಲ್ಲ. ಸಿಸ್ಟರ್ ಕೂಸಿನ ತೂಕ ನೋಡಿ ಬರೆದುಕೊಂಡು, ಕ್ಷಮೆ ಕೇಳದೆ ಎದ್ದು ಬಂದಿದ್ದರು.

ಮೂವತ್ತು ವರ್ಷದ ಪ್ರಶ್ನೆ ಹುಟ್ಟಿದ್ದೂ ಅಂದೇ ಎಂದು ಸಿಸ್ಟರ್‌ಗೆ ಈಗ ಹೊಳೆಯಿತು. ಪಾಪ, ಐದು ಪಾಸ್ಟರುಗಳನ್ನು ಸುಮ್ಮನೆ ಗೋಳು ಹೊಯ್ದುಕೊಂಡಿದ್ದರು. ಸುವಾರ್ತೆ ತೆಗೆದು ಮತ್ತೆ ಓದಿದರು. ಸೂಲಗಿತ್ತಿಯ ಹೆಸರು ಬಿಟ್ಟುಹೋಗಿದೆ ಎಂದೇ ಇಷ್ಟು ದಿನ ನಂಬಿದ್ದರು. ಅಲ್ಲಿದ್ದದ್ದು ಬೇರೆ: ಮಗುವನ್ನು ಬಟ್ಟೆಯಲ್ಲಿ ಸುತ್ತಿದವಳು ಮರಿಯಳೇ, ಗೋದಲಿಯಲ್ಲಿ ಮಲಗಿಸಿದವಳೂ ಮರಿಯಳೇ. ಈಗಷ್ಟೇ ಹಡೆದವಳು ತಾನೇ ಎದ್ದು ಕೂಸು ಸುತ್ತುತ್ತಾಳೆಂದರೆ ಅದರ ಅರ್ಥ ನರ್ಸಿಗೆ ಬಿಡಿಸಿ ಹೇಳಬೇಕೇ? ಯಾರೂ ಬಂದಿರಲಿಲ್ಲ. ಸಿಸ್ಟರ್ ಪುಸ್ತಕ ಮುಚ್ಚಿ ಅತ್ತರು.

ಮರುದಿನ ಡಬ್ಬಿ ತುಂಬ ಕರ್ಚಿಕಾಯಿ ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದರು. ಅವಳು ಬಾ ಅನ್ನುತ್ತಾಳೋ ಬಾಗಿಲು ಹಾಕುತ್ತಾಳೋ ಗೊತ್ತಿರಲಿಲ್ಲ. ಆದರೆ ಅವಳ ಮಾತು ಕೇಳದೆ ಆ ಶಾಲು ಹೊದ್ದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದ್ದರು.

ಜಾಹೇದಾ ಮನೆಯ ಕಟ್ಟೆಯ ಮೇಲೆ ಕೆಂಪು ಬಾಳೆಹಣ್ಣಿನ ಗೊನೆ ಇಟ್ಟುಕೊಂಡು ಕೂತಿದ್ದಳು. ತಲೆಗೂದಲು ಅರ್ಧ ಬಿಳಿಯಾಗಿತ್ತು. ಸಿಸ್ಟರ್ ಕುಶಲ ಕೇಳುವ ಮೊದಲೇ ಹೇಳಲು ಬಂದ ಮಾತು ಆಡಿಬಿಟ್ಟರು.

"ಅವತ್ತ ನೀ ಹೇಳಿದ್ದ ಖರೇ ಇತ್ತು ಜಾಹೇದಾ. ನಾ ಊಟಕ್ಕ ನಿಂತೆ. ತಪ್ಪಾತು."

ಜಾಹೇದಾ ಗೊನೆ ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಆಮೇಲೆ ಅಂದಳು, "ಎರಡು ವರ್ಷ ನಿಮ್ಮ ಮಾರಿ ನೋಡಬಾರದು ಅಂತ ನೀವಿದ್ದ ಓಣಿಗೇ ಬರಲಿಲ್ರಿ ನಾ. ಅಷ್ಟು ಸಿಟ್ಟಿತ್ತು. ಸುಳ್ಳ್ಯಾಕ ಹೇಳ್ಲಿ?"

"ಇರಬೇಕಾದ್ದೇ," ಎಂದರು ಸಿಸ್ಟರ್. ಮತ್ತೆ ತಡೆಯಲಾಗಲಿಲ್ಲ, ಕೇಳುವ ಚಟ ಎಲ್ಲಿ ಹೋಗಬೇಕು. "ಅವತ್ತ ಒಬ್ಬಾಕಿನೇ ಹೆಂಗ ಮಾಡಿದಿ?"

"ನೀವಽ ಹೇಳಿಕೊಟ್ಟಿದ್ರಲ್ಲಾ! ತಿಂಗಳಾ ತಿಂಗಳಾ ಬಂದು ತಲಿ ತಿನ್ನತಿದ್ರಿ. ದಾರ ಕುದಿಸಿ ಇಟ್ಕೊ, ಹೊಸಾ ಬ್ಲೇಡ್ ಇಟ್ಕೊ. ಮೊದಲ ಕೂಸು ಒರಸು, ತಲಿ ಮುಚ್ಚು, ಆಮ್ಯಾಲ ಮೈ ಸುತ್ತು, ಎದಿಗ ಹಚ್ಕೊ. ನಿಮಗ ಬೈಕೋತ ಬೈಕೋತ ನೀವು ಹೇಳಿದಂಗೇ ಮಾಡಿದೆ." ಜಾಹೇದಾ ಒಂದು ಹಣ್ಣು ಮುರಿದು ಸಿಸ್ಟರ್ ಕೈಗಿಟ್ಟಳು. "ನಿಮ್ಮ ಮರಿಯಳಿಗೆ ನಾವು ಬೀಬಿ ಮರಿಯಮ್ ಅಂತೀವ್ರಿ. ಆಕಿ ಖರ್ಜೂರದ ಗಿಡದ ಬುಡಕ ಒಬ್ಬಾಕಿನೇ ಹಡದಾಳ ಅಂತ ನಮ್ಮ ಅಮ್ಮಾ ಹೇಳ್ತಿದ್ಲು. ಅದಕ್ಕಽ ನನ್ನ ಮಗಳಿಗೆ ಮರಿಯಮ್ ಅಂತ ಹೆಸರಿಟ್ಟೆ."

ಐದು ಪಾಸ್ಟರುಗಳನ್ನು ಕೇಳಿದ ಪ್ರಶ್ನೆಯನ್ನು ಈ ಕಟ್ಟೆಯ ಮೇಲೆ ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಸಿಸ್ಟರ್‌ಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹಣ್ಣು ತಿಂದರು. ಜಾಹೇದಾ ಕರ್ಚಿಕಾಯಿಯ ಡಬ್ಬಿ ಒಳಗಿಟ್ಟು ಬಂದಳು. ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸಿಸ್ಟರ್ ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಬಂದಳು.

ಸಂಜೆ ಚರ್ಚಿನಲ್ಲಿ ಸನ್ಮಾನ ಪತ್ರದ ನಾಲ್ಕನೇ ಸಾಲಿಗೆ ಅಡ್ಡಗೆರೆ ಎಳೆದು ಪಾಸ್ಟರ್ ಕೈಗೆ ಕೊಟ್ಟರು. "ಒಂದು ದಿನ ಬರಲಿಲ್ಲ ಅಂತ ಬರೀರಿ. ಅವತ್ತ ಒಬ್ಬಾಕಿನೇ ಹಡದಾಕಿ ಹೆಸರು ಜಾಹೇದಾ ಅಂತನೂ ಬರೀರಿ. ಅಷ್ಟು ಓದಿದ್ರ ಶಾಲು ಹೊದ್ಕೋತೀನಿ." ಆನಂದಕುಮಾರ ಕಾಗದ ನೋಡಿದರು, ಸಿಸ್ಟರ್ ಮುಖ ನೋಡಿದರು, ಪೆನ್ನು ತೆಗೆದರು.

ಪಕ್ಕದಲ್ಲಿ ನಾಟಕದ ತಾಲೀಮು ನಡೆದಿತ್ತು. ಮರಿಯಳ ಪಾತ್ರದ ಹತ್ತು ವರ್ಷದ ಐಶ್ವರ್ಯಾ ಗೊಂಬೆಯನ್ನು ಕಾಲು ಹಿಡಿದು ಜೋತಾಡಿಸುತ್ತ ಓಡಿಬಂದಳು. ಸಿಸ್ಟರ್ ಅಜ್ಜಿಯ ಪ್ರಶ್ನೆ ಚರ್ಚಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು.

"ಅಜ್ಜೀ, ಈ ವರ್ಷನಾದ್ರೂ ನಾಟಕದಾಗ ಸೂಲಗಿತ್ತಿ ಬರ್ತಾಳೇನ್ರಿ?"

"ಇಲ್ಲವ್ವಾ. ಆಕಿ ಮೊದಲಽ ಬಂದು ಎಲ್ಲಾ ಕಲಿಸಿ ಹೋಗ್ಯಾಳ," ಎಂದು ಸಿಸ್ಟರ್ ನೆಲದ ಮೇಲೆ ಕೂತು ಬಟ್ಟೆ ಹಾಸಿದರು. "ಬಾ ಇಲ್ಲಿ. ಮೊದಲ ಒರಸಬೇಕು. ಆಮ್ಯಾಲ ತಲಿ ಮುಚ್ಚಬೇಕು."