ನನ್ನದೇ ಎದೆಯ ಗೆರೆಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಕೆಲಸದಲ್ಲಿದ್ದೆ. ಚೆಂಬೂರಿನಿಂದ ಹೊರಟು ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಹೋಗುತ್ತಿದ್ದೆ. ರೋಗಿಗಳ ಎದೆಗೆ ತಂತಿ ಅಂಟಿಸುವಾಗ, ಏನೂ ಆಗುವುದಿಲ್ಲ ಎಂದು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದೆ.

ಒಂದು ದಿನ ನಮ್ಮ ವಿಭಾಗಕ್ಕೆ ಹೊಸ ಯಂತ್ರ ಬಂತು. ಶಬ್ದದ ಅಲೆಗಳನ್ನು ಎದೆಯೊಳಗೆ ಕಳಿಸಿ, ಹೃದಯದ ಗೋಡೆಗಳು ಅಲುಗುವುದನ್ನು ಕಾಗದದ ಮೇಲೆ ಗೆರೆಗೆರೆಯಾಗಿ ಬರೆಯುವ ಯಂತ್ರ. ಡಾಕ್ಟರಿಗೆ ಕೈ ಪಳಗಿಸಿಕೊಳ್ಳಲು ಆರೋಗ್ಯವಂತರೊಬ್ಬರು ಬೇಕಿತ್ತು. ನಾನು ಮಲಗುತ್ತೇನೆ ಎಂದೆ. ನರ್ಸ್ ಪಕ್ಕದಲ್ಲಿ ನಿಂತು ಚಾದರ ಹೊದಿಸಿದಳು. ಜೊತೆಗೇ ಇಸಿಜಿಯ ತಂತಿಗಳನ್ನೂ ಹಾಕಿದರು.

ಕಾಗದ ಹೊರಬರುತ್ತಿದ್ದಂತೆ ಡಾಕ್ಟರು ಅದರ ಮೇಲೆ ಬಾಗಿದರು. ನಾನು ಕತ್ತು ಹೊರಳಿಸಿ ನೋಡಿದೆ. ಇಸಿಜಿಯ ಗೆರೆಯಲ್ಲಿ ಪ್ರತಿ ಬಡಿತದ ಮೊನೆ ಚೂಪಾಗಿರದೆ ಅಗಲವಾಗಿತ್ತು. ಅಂಥ ಗೆರೆಯನ್ನು ಬೇರೆಯವರದ್ದಾದರೆ ದೂರದಿಂದಲೇ ಗುರುತಿಸುತ್ತಿದ್ದೆ. ನನ್ನದು ಎಂದು ನಂಬಲು ಆಗಲಿಲ್ಲ. ತಂತಿ ತಪ್ಪಾಗಿ ಹಾಕಿದ್ದಾರೆ ಅಂದುಕೊಂಡೆ. ಬಿಚ್ಚಿ ಮತ್ತೆ ಹಾಕಿಸಿದೆ. ಅದೇ ಗೆರೆ.

“ಘಾಬರೂ ನಕೋ,” ಹೆದರಬೇಡ, ಎಂದರು ಡಾಕ್ಟರು ಮರಾಠಿಯಲ್ಲಿ. ಆಮೇಲೆ ವಿವರಿಸಿದರು. ಹೃದಯಕ್ಕೆ ವಿದ್ಯುತ್ ಸಂದೇಶ ಒಯ್ಯುವ ಎಡಗಡೆಯ ದಾರಿಯಲ್ಲಿ ಬ್ಲಾಕ್ ಇದೆ, ಹಾಗಾಗಿ ಎಡಭಾಗಕ್ಕೆ ಸಂದೇಶ ತಡವಾಗಿ ತಲುಪುತ್ತದೆ. ಹೊಸ ಯಂತ್ರದ ಕಾಗದದಲ್ಲಿ ಹೃದಯದ ನಡುವಿನ ಗೋಡೆ ಹೊತ್ತಲ್ಲದ ಹೊತ್ತಿಗೆ ಒಳಕ್ಕೆ ಜಗ್ಗುವುದು ಕಾಣುತ್ತದಲ್ಲ, ಅದು ಇದರಿಂದಲೇ. ಆದರೆ ಹಿಂದಿನ ಗೋಡೆ ಚೆನ್ನಾಗಿ ಅಲುಗುತ್ತಿದೆ, ಹೃದಯ ದೊಡ್ಡದಾಗಿಲ್ಲ. ಹಾಗಾದರೆ ನನಗೆ ಕಾಯಿಲೆಯೇ ಎಂದು ಕೇಳಿದೆ. ಸದ್ಯಕ್ಕೆ ಹಾಗೆ ಕಾಣುವುದಿಲ್ಲ, ಮುಂದೇನೋ ಹೇಳಲಾರೆ, ವರ್ಷಕ್ಕೊಮ್ಮೆ ನೋಡೋಣ ಎಂದರು.

ಆ ಸಂಜೆ ಲೋಕಲ್‌ನಲ್ಲಿ ನಿಂತು ನಾಡಿ ಹಿಡಿದು ನೋಡಿಕೊಂಡೆ. ಎಂದಿನಂತೆಯೇ ಬಡಿಯುತ್ತಿತ್ತು. ನನಗೆ ಸುಸ್ತಾಗುತ್ತಿದೆಯೋ, ಸುಸ್ತಾಗಬೇಕು ಅಂದುಕೊಂಡು ಆಗುತ್ತಿದೆಯೋ ತಿಳಿಯಲಿಲ್ಲ.

ತೊಡಕೆಂದರೆ, ಆಗಷ್ಟೇ ನನಗೆ ಮುಲುಂಡಿನ ಒಂದು ಮದುವೆ ಸಂಬಂಧ ಗಟ್ಟಿಯಾಗುವುದರಲ್ಲಿತ್ತು. ಹುಡುಗ ಬ್ಯಾಂಕಿನಲ್ಲಿದ್ದ, ನಮ್ಮಂತೆ ಅವರೂ ಉಡುಪಿ ಕಡೆಯವರು. ವಿಷಯ ಕೇಳಿ ಅಮ್ಮ ಹೇಳಿದಳು:

“ಅವರತ್ರ ಇದೆಲ್ಲ ಹೇಳುದು ಬೇಡ. ನೋವಿಲ್ಲ, ಎಂತ ಇಲ್ಲ. ಏನಂತ ಹೇಳ್ತಿ?”

ಏನಂತ ಹೇಳುವುದು ಎಂಬುದೇ ನನಗೂ ಗೊತ್ತಿರಲಿಲ್ಲ. ಆದರೂ ಮುಂದಿನ ವಾರ ಅವರು ಮನೆಗೆ ಬಂದಾಗ, ಬಾಲ್ಕನಿಯಲ್ಲಿ ಹುಡುಗನಿಗೆ ಹೇಳಿಬಿಟ್ಟೆ.

“ಅಂದ್ರೆ ನಿಮ್ಗೆ ಕಾಯಿಲೆ ಉಂಟಾ, ಇಲ್ವಾ?” ಎಂದು ಕೇಳಿದರು.

“ಬ್ಲಾಕ್ ಉಂಟು. ಕಾಯಿಲೆ ಉಂಟಾ ಅಂತ ಡಾಕ್ಟ್ರಿಗೂ ಗೊತ್ತಿಲ್ಲ.”

ಅವರು ಯೋಚಿಸಿ, ಲೋಕಲ್ ಹತ್ತಬಹುದೇ ಎಂದು ಕೇಳಿದರು. ದಿನಾ ಹತ್ತುತ್ತೇನೆ ಎಂದೆ. ಮತ್ತೆರಡು ದಿನ ಬಿಟ್ಟು ಒಬ್ಬರೇ ಆಸ್ಪತ್ರೆಗೇ ಬಂದರು. ಡಾಕ್ಟರು ನನ್ನ ಕಾಗದ ಬಿಡಿಸಿ, ಗೆರೆಯ ಮೇಲೆ ಪೆನ್ಸಿಲ್ ಇಟ್ಟು ತೋರಿಸಿದರು. ಹೊರಗೆ ಬಂದ ಮೇಲೆ, ತನಗೆ ಏನೂ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡರು. ನನಗೂ ಪೂರ್ತಿ ಆಗಿಲ್ಲ ಎಂದೆ.

ಮದುವೆಯಾಯಿತು. ಒಂದು ದಿನ ಅತ್ತೆ ಪಕ್ಕದ ಮನೆಯವರಿಗೆ ಹೆಮ್ಮೆಯಿಂದ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು: ನಮ್ಮ ಸೊಸೆಯ ಹಾರ್ಟನ್ನು ಹೊಸ ಮಿಷನ್ನಿನಲ್ಲಿ ನೋಡಿದ್ದಾರೆ, ಬಹಳ ಗಟ್ಟಿಯಂತೆ. ಗಂಡನನ್ನು ಕೇಳಿದೆ. ಪರೀಕ್ಷೆ ಆಗಿದೆ, ಪಂಪು ಚೆನ್ನಾಗಿದೆ ಎಂದಷ್ಟೇ ಹೇಳಿದ್ದೆ, ಸುಳ್ಳಲ್ಲವಲ್ಲ ಎಂದರು. ವರ್ಷವಾದ ಮೇಲೆ ಡಾಕ್ಟರು ಮತ್ತೆ ನೋಡಿದರು. ಗೆರೆ ಹಾಗೇ ಇತ್ತು, ನಾನೂ ಹಾಗೇ ಇದ್ದೆ. ಅಂದು ಮಧ್ಯಾಹ್ನ ಹದಿನೇಳು ಜನರ ಇಸಿಜಿ ತೆಗೆದೆ.